ಆ್ಯಪ್ ಕೈಕೊಟ್ಟ ದಿನವೂ ಅಂಗಳ ಕಾಣಬೇಕು: ಮೂರು ಬಗೆಯ ಕ್ಯಾಮೆರಾಗಳನ್ನು ಬಳಸಿ ನೋಡಿದ ಮೇಲೆ

ಸಾಗರ ತಾಲ್ಲೂಕಿನ ನಮ್ಮ ಮನೆಯಂಗಳದಲ್ಲಿ ಚಾಲಿ ಅಡಿಕೆ (ಬೇಯಿಸದೆ ಬಿಸಿಲಲ್ಲಿ ಒಣಗಿಸುವ ಅಡಿಕೆ) ಹರವಿದರೆ ಅದು ಒಣಗಿ ಚೀಲ ಸೇರುವುದಕ್ಕೆ ಹೆಚ್ಚುಕಡಿಮೆ ಒಂದೂವರೆ ತಿಂಗಳು ಹಿಡಿಯುತ್ತದೆ. ಅಷ್ಟೂ ದಿನ ವರ್ಷದ ದುಡಿಮೆಯೆಲ್ಲ ಬಯಲಲ್ಲೇ ಬಿದ್ದಿರುತ್ತದೆ. ಮನೆಯಲ್ಲಿರುವವರು ಅಪ್ಪಯ್ಯ ಮತ್ತು ಅಮ್ಮ ಇಬ್ಬರೇ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಈ ಕಾರಣಕ್ಕಾಗಿ ಮೂರು ವರ್ಷಗಳಲ್ಲಿ ಮೂರು ಬಗೆಯ ಕ್ಯಾಮೆರಾಗಳನ್ನು ಹಾಕಿಸಿ ನೋಡಿದ್ದೇನೆ. ಮೊದಲನೆಯದು ತನ್ನ ಆ್ಯಪ್ ಬಿಟ್ಟರೆ ಬೇರೆಲ್ಲೂ ಚಿತ್ರ ತೋರಿಸದ ವೈಫೈ ಕ್ಯಾಮೆರಾ. ಎರಡನೆಯದು ವೈಫೈನದೇ ಆದರೂ ಓಎನ್‌ವಿಐಎಫ್ ಮತ್ತು ಆರ್‌ಟಿಎಸ್‌ಪಿ ಎಂಬ ಎಲ್ಲರಿಗೂ ತೆರೆದ ವಿಧಾನಗಳಲ್ಲಿಯೂ ಚಿತ್ರ ಕೊಡುವಂಥದ್ದು. ಮೂರನೆಯದು ಕೇಬಲ್ ಎಳೆದು ಮನೆಯೊಳಗಿನ ರೆಕಾರ್ಡರ್‌ಗೆ ಜೋಡಿಸಿದ ಕ್ಯಾಮೆರಾ. ನನ್ನ ಒಲವು ಮೂರನೆಯದರ ಕಡೆಗಿದೆ. ಏಕೆಂಬುದು ಮೊದಲನೆಯದರ ಕಥೆ ಕೇಳಿದರೆ ತಿಳಿಯುತ್ತದೆ.

ಮೊದಲ ಕ್ಯಾಮೆರಾಕ್ಕೆ ನಾನು ಕೊಟ್ಟದ್ದು 2,400 ರೂಪಾಯಿ. ಚಿತ್ರದ ಗುಣಮಟ್ಟದ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ರಾತ್ರಿಯಲ್ಲೂ ಅಂಗಳದ ಆಚೆ ತುದಿಯ ದಣಪೆಯವರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ವರ್ಷ ಚೆನ್ನಾಗಿಯೇ ನಡೆಯಿತು. ನವೆಂಬರ್‌ನ ಒಂದು ಸಂಜೆ ಸಿಡಿಲಿಗೆ ಇಂಟರ್‌ನೆಟ್ ಪೆಟ್ಟಿಗೆ ಸುಟ್ಟುಹೋಗಿ, ಕೇಬಲ್‌ನವರು ಮರುದಿನ ಹೊಸದನ್ನು ತಂದು ಕೂರಿಸಿದರು. ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಹೊಸದಕ್ಕೂ ಕೊಡಿಸಿದ್ದರಿಂದ ಕ್ಯಾಮೆರಾ ತಾನಾಗಿಯೇ ಸೇರಿಕೊಳ್ಳುತ್ತದೆ ಎಂದುಕೊಂಡಿದ್ದೆ. ಅದು ಸೇರಲಿಲ್ಲ. ಆ್ಯಪ್ ತೆರೆದರೆ ‘ಸಾಧನ ಆಫ್‌ಲೈನ್ ಇದೆ’ ಎಂಬ ಒಂದೇ ಸಾಲು.

ಅಂದಿನಿಂದ ನಾಲ್ಕು ದಿನ ಅಪ್ಪಯ್ಯನವರು ಜಗಲಿಯ ಮೇಲೆ ಏಣಿ ಇಟ್ಟುಕೊಂಡು, ನಾನು ಫೋನಿನಲ್ಲಿ ಹೇಳಿದಂತೆ ಒಂದೊಂದನ್ನೇ ಮಾಡಿದರು. ಮತ್ತೆ ಜೋಡಿಸಲು ಹೋದಾಗಲೆಲ್ಲ ಆ್ಯಪ್ ‘ಪಾಸ್‌ವರ್ಡ್ ತಪ್ಪಾಗಿದೆ’ ಎನ್ನುತ್ತಿತ್ತು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಅದೇ ಪಾಸ್‌ವರ್ಡಿನಿಂದ ಅಮ್ಮನ ಫೋನು ಸಲೀಸಾಗಿ ನಡೆಯುತ್ತಿತ್ತು. ಕೊನೆಗೆ ತಿಳಿದದ್ದೇನೆಂದರೆ, ಹೊಸ ಪೆಟ್ಟಿಗೆ 2.4 ಮತ್ತು 5 ಗಿಗಾಹರ್ಟ್ಸ್‌ನ ಎರಡು ವೈಫೈಗಳನ್ನು ಒಂದೇ ಹೆಸರಿನಲ್ಲಿ ಬಿತ್ತರಿಸುತ್ತಿತ್ತು. ಕ್ಯಾಮೆರಾಕ್ಕೆ ತಿಳಿಯುವುದು 2.4 ಮಾತ್ರ, ಫೋನು ಹಿಡಿದುಕೊಳ್ಳುತ್ತಿದ್ದದ್ದು 5ನ್ನು. ಅದರ ಮೇಲೆ ವೈಫೈ ಭದ್ರತೆ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಬೆರೆತ ಸ್ಥಿತಿಯಲ್ಲಿತ್ತು. ಸಾಕಷ್ಟು ಹಳೆಯ, ಅಗ್ಗದ ಕ್ಯಾಮೆರಾಗಳಿಗೆ ಈ ಬೆರಕೆ ಒಗ್ಗುವುದಿಲ್ಲ. ಊರಿಗೆ ಹೋಗಿ, ಬ್ರೌಸರ್‌ನಲ್ಲಿ 192.168.1.1 (ಹೊಸ ಪೆಟ್ಟಿಗೆಯ ಸೆಟ್ಟಿಂಗ್ಸ್ ಪುಟದ ವಿಳಾಸ) ತೆರೆದು, ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, 2.4ನ್ನು ಡಬ್ಲ್ಯುಪಿಎ2ಕ್ಕೆ ಇಳಿಸಿದ ಮೇಲೆ ಪಾಸ್‌ವರ್ಡಿನ ತಕರಾರು ನಿಂತಿತು.

ಆದರೆ ತೊಂದರೆ ಅಲ್ಲಿಗೇ ಮುಗಿಯಲಿಲ್ಲ. ನಡುವೆ ಕ್ಯಾಮೆರಾದ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದ್ದೆವು. ಈಗ ಜೋಡಿಸಲು ಹೋದರೆ ‘ಈ ಸಾಧನ ಬೇರೊಂದು ಖಾತೆಗೆ ಸೇರಿದೆ’ ಎಂದು ಬಂತು. ಮೊದಲ ಸಲ ಕ್ಯಾಮೆರಾ ಕೂರಿಸಿದಾಗ ಖಾತೆ ತೆರೆದದ್ದು ನನ್ನ ತಮ್ಮನ ಮೊಬೈಲ್ ಸಂಖ್ಯೆಯಲ್ಲಿ, ಮತ್ತು ಆ ಸಂಖ್ಯೆಯನ್ನು ಅವನು ಬಿಟ್ಟು ಆರು ತಿಂಗಳಾಗಿತ್ತು. ಹೊಸ ಫೋನಿನಲ್ಲಿ ಲಾಗಿನ್ ಆಗಲು ಹೋದರೆ ಒಟಿಪಿ ಹಳೆಯ ಸಂಖ್ಯೆಗೇ ಹೋಗುತ್ತಿತ್ತು. ಗ್ರಾಹಕ ಸೇವೆಯವರು ಬಿಲ್ಲಿನ ಪ್ರತಿ, ಡಬ್ಬಿಯ ಮೇಲಿನ ಸೀರಿಯಲ್ ಸಂಖ್ಯೆಯ ಫೋಟೊ ಕೇಳಿದರು; ಎರಡನ್ನೂ ಕಳಿಸಿ ಹನ್ನೊಂದು ದಿನ ಕಾದೆವು. ಆ ಹನ್ನೊಂದು ದಿನವೂ ಕ್ಯಾಮೆರಾ ನಮ್ಮ ಗೋಡೆಯ ಮೇಲೆ, ನಮ್ಮ ಕರೆಂಟಿನಲ್ಲಿ ಉರಿಯುತ್ತ, ನಮ್ಮದೇ ಅಂಗಳವನ್ನು ನೋಡುತ್ತಿತ್ತು, ಮತ್ತು ಅದು ನೋಡಿದ್ದನ್ನು ನಾವು ನೋಡುವಂತಿರಲಿಲ್ಲ. ಮೆಮೊರಿ ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿದರೆ ಅದರಲ್ಲಿದ್ದ ಕಡತಗಳು ತೆರೆಯಲಿಲ್ಲ. ಅವೂ ಆ್ಯಪ್ ಒಳಗೇ ತೆರೆಯಬೇಕಾದವು. ಅಪ್ಪಯ್ಯನವರು ಮತ್ತೆ ಟಾರ್ಚು ಹಿಡಿದು ರಾತ್ರಿ ಎರಡು ಸಲ ಎದ್ದು ಬರಲು ಶುರು ಮಾಡಿದ್ದು ನನಗೆ ಇವತ್ತಿಗೂ ನೋವಿನ ವಿಷಯ.

ಇಂಥ ಕ್ಯಾಮೆರಾ ಈಗಾಗಲೇ ಮನೆಯಲ್ಲಿದ್ದು ಆ್ಯಪ್ ನಿಂತುಹೋಗಿದ್ದರೆ, ನಾನು ಕಷ್ಟಪಟ್ಟು ಕಲಿತ ಕ್ರಮ ಹೀಗಿದೆ. ಮೊದಲು ಬೇರೊಂದು ಫೋನಿನಲ್ಲಿ ಅದೇ ಖಾತೆಯಿಂದ ತೆರೆದು ನೋಡಬೇಕು. ಅಲ್ಲಿ ಬಂದರೆ ತಪ್ಪು ಮೊದಲ ಫೋನಿನದು, ಕ್ಯಾಮೆರಾ ಮುಟ್ಟುವ ಅಗತ್ಯವಿಲ್ಲ. ಬರದಿದ್ದರೆ ಫೋನನ್ನು ಮೊಬೈಲ್ ಡೇಟಾದಲ್ಲಿ ಒಮ್ಮೆ, ಮನೆಯ ವೈಫೈನಲ್ಲಿ ಒಮ್ಮೆ ಇಟ್ಟು ನೋಡಬೇಕು. ಮನೆಯಲ್ಲಿ ಬಂದು ಹೊರಗೆ ಬಾರದಿದ್ದರೆ ತೊಂದರೆ ಇಂಟರ್‌ನೆಟ್‌ನಲ್ಲೋ ಕಂಪನಿಯ ಸರ್ವರ್‌ನಲ್ಲೋ ಇದೆ. ಎರಡೂ ಕಡೆ ಬಾರದಿದ್ದಾಗ ಮಾತ್ರ ಏಣಿ ಹತ್ತಬೇಕು. ಚಿತ್ರ ಬರುತ್ತಿದ್ದು ಎಚ್ಚರಿಕೆಯ ಸಂದೇಶ ಮಾತ್ರ ಬಾರದಿದ್ದರೆ, ಅದಕ್ಕೆ ಬಹುಮಟ್ಟಿಗೆ ಕಾರಣ ಫೋನಿನ ಬ್ಯಾಟರಿ ಉಳಿತಾಯ. ಆ್ಯಪ್‌ಗೆ ಅದರಿಂದ ವಿನಾಯಿತಿ ಕೊಡಬೇಕು. ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಶನ್‌ಗೆ ಪ್ರತ್ಯೇಕ ಅನುಮತಿಯೂ ಬೇಕು. ಐಫೋನ್‌ನಲ್ಲಿ ಹೊಸದಾಗಿ ಜೋಡಿಸುವಾಗ ‘ಲೋಕಲ್ ನೆಟ್‌ವರ್ಕ್’ ಅನುಮತಿ ನಿರಾಕರಿಸಿದ್ದರೆ ಪಕ್ಕದಲ್ಲೇ ಇರುವ ಕ್ಯಾಮೆರಾವೂ ಸಿಗುವುದಿಲ್ಲ. ಆ್ಯಪನ್ನು ತೆಗೆದುಹಾಕುವ ಮುನ್ನ, ಖಾತೆಯ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ರೀಸೆಟ್ ಎಲ್ಲಕ್ಕಿಂತ ಕೊನೆಯದು; ನಾವು ಅದನ್ನು ಮೊದಲೇ ಮಾಡಿ ಕೆಟ್ಟೆವು.

ಎರಡನೆಯ ಕ್ಯಾಮೆರಾ 2,900 ರೂಪಾಯಿಗೆ ಬಂತು. ಇದಕ್ಕೂ ಒಂದು ಆ್ಯಪ್ ಇದೆ, ಖಾತೆಯೂ ಬೇಕು. ಆದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾಕ್ಕೇ ಪ್ರತ್ಯೇಕ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ, ಮನೆಯ ಯಾವ ಕಂಪ್ಯೂಟರ್‌ನಲ್ಲಾದರೂ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶ ತೆರೆದು ಆರ್‌ಟಿಎಸ್‌ಪಿ ವಿಳಾಸ ಹಾಕಿ ಚಿತ್ರ ನೋಡಬಹುದು. ಟಿಪಿ-ಲಿಂಕ್‌ನ ಟ್ಯಾಪೊ ಸಾಲಿನ ಹಲವು ಕ್ಯಾಮೆರಾಗಳಲ್ಲಿ ಈ ಅನುಕೂಲವಿದೆ. ಓಎನ್‌ವಿಐಎಫ್ ಎಂಬುದು 2008ರಲ್ಲಿ ಆಕ್ಸಿಸ್, ಬಾಷ್ ಮತ್ತು ಸೋನಿ ಕೂಡಿ ಶುರು ಮಾಡಿದ ಒಕ್ಕೂಟ. ಒಂದು ಕಂಪನಿಯ ಕ್ಯಾಮೆರಾ ಇನ್ನೊಂದು ಕಂಪನಿಯ ರೆಕಾರ್ಡರ್‌ನೊಂದಿಗೆ ಮಾತನಾಡಲಿ ಎಂಬುದೇ ಅದರ ಉದ್ದೇಶ. ಒಂದು ದಿನ ಇದರ ಆ್ಯಪೂ ತೆರೆಯಲಿಲ್ಲ. ಆದರೆ ವಿಎಲ್‌ಸಿಯಲ್ಲಿ ಚಿತ್ರ ಬರುತ್ತಿದ್ದುದರಿಂದ ಕ್ಯಾಮೆರಾ ಮತ್ತು ವೈಫೈ ಎರಡೂ ಸರಿಯಿವೆಯೆಂದು ಒಂದೇ ನಿಮಿಷದಲ್ಲಿ ತಿಳಿಯಿತು, ಅಪ್ಪಯ್ಯನವರು ಏಣಿ ಹತ್ತಲಿಲ್ಲ. ಕರೆಂಟು ಹೋಗಿಬಂದು ಇಂಟರ್‌ನೆಟ್ ತಡವಾದರೆ ಇದರ ಗಡಿಯಾರ 1970ಕ್ಕೆ ಹಿಂದೆ ಸರಿಯುತ್ತದೆ ಎಂಬುದೊಂದು ಕೊರತೆ. ಇನ್ನೊಂದು ಕೊರತೆ ವೈಫೈನದು: ನಮ್ಮ ಮಣ್ಣಿನ ದಪ್ಪ ಗೋಡೆಗಳನ್ನು ದಾಟಿ ಕೊಟ್ಟಿಗೆಯವರೆಗೆ ಸಿಗ್ನಲ್ ಹೋಗುವುದಿಲ್ಲ.

ಮೂರನೆಯದಕ್ಕೆ ನಾಲ್ಕು ಚಾನೆಲ್‌ನ ಪಿಓಇ ರೆಕಾರ್ಡರ್, ಎರಡು ಕ್ಯಾಮೆರಾ, 1 ಟಿಬಿ ಹಾರ್ಡ್ ಡಿಸ್ಕ್, ಕೇಬಲ್ ಮತ್ತು ಕೂಲಿ ಸೇರಿ 19,500 ರೂಪಾಯಿ ಖರ್ಚಾಯಿತು. ಪಿಓಇ ಆದ್ದರಿಂದ ಕರೆಂಟು ಮತ್ತು ಚಿತ್ರ ಎರಡೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. 100 ಮೀಟರ್ ಮಿತಿ, ನಮಗೆ ಬೇಕಾದದ್ದು 40 ಮಾತ್ರ. ಕ್ಯಾಮೆರಾವೊಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 21 ಜಿಬಿ ಆಗುತ್ತದೆ, ಅಂದರೆ ಎರಡು ಕ್ಯಾಮೆರಾಗಳ 23 ದಿನಗಳ ಚಿತ್ರ ಡಿಸ್ಕಿನಲ್ಲಿ ಉಳಿಯುತ್ತದೆ. ಎರಡನೆಯ ಕ್ಯಾಮೆರಾದ 128 ಜಿಬಿ ಕಾರ್ಡಿನಲ್ಲಿ ಉಳಿಯುತ್ತಿದ್ದುದು ಒಂದೇ ಕ್ಯಾಮೆರಾದ ಐದಾರು ದಿನ.

ನನ್ನನ್ನು ಗೆದ್ದದ್ದು ಈ ಲೆಕ್ಕವಲ್ಲ. ರೆಕಾರ್ಡರ್‌ನಿಂದ ಎಚ್‌ಡಿಎಂಐ ತಂತಿಯೊಂದು ನಡುಮನೆಯ ಟಿವಿಗೆ ಹೋಗಿದೆ. ಅಮ್ಮ ರಿಮೋಟಿನ ಒಂದು ಗುಂಡಿ ಒತ್ತಿದರೆ ಅಂಗಳವೂ ಕೊಟ್ಟಿಗೆಯೂ ಟಿವಿಯಲ್ಲಿ ಬರುತ್ತವೆ. ಅವರಿಗೆ ಆ್ಯಪ್, ಒಟಿಪಿ, ಖಾತೆ, ಇಂಟರ್‌ನೆಟ್ ಯಾವುದೂ ಬೇಕಾಗಿಲ್ಲ. ಬೆಂಗಳೂರಿನಲ್ಲಿರುವ ನನಗೆ ಮಾತ್ರ ಆ್ಯಪ್ ಬೇಕು. ನಮ್ಮ ಇಂಟರ್‌ನೆಟ್‌ನವರು ಮನೆಗೆ ಸ್ವಂತ ಸಾರ್ವಜನಿಕ ವಿಳಾಸ ಕೊಡುವುದಿಲ್ಲ, 100.64ರಿಂದ ಶುರುವಾಗುವ, ಹಲವರು ಹಂಚಿಕೊಳ್ಳುವ ವ್ಯವಸ್ಥೆಯ ವಿಳಾಸ ಸಿಗುತ್ತದೆ. ಹಾಗಾಗಿ ರೂಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದರೂ ಹೊರಗಿನಿಂದ ತಲುಪಲಾಗದು. ಅಂಗಡಿಯವರು ಪೋರ್ಟ್ ತೆರೆಸಿ ಹಣ ಕೇಳಿದರೆ ಕೊಡುವ ಮುನ್ನ ಈ ವಿಳಾಸವನ್ನು ನೋಡಿಕೊಳ್ಳಿ. ನಾನು ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ದೂರದ ಸಾಧನಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಹಾಕಿ, ಅದರ ಮೂಲಕ ರೆಕಾರ್ಡರ್ ನೋಡುತ್ತೇನೆ. ರೆಕಾರ್ಡರ್ ಕಂಪನಿಯ ಆ್ಯಪ್ ನನಗೆ ಎರಡನೆಯ ದಾರಿ.

ಇದರಲ್ಲೂ ಒಂದು ದೊಡ್ಡ ತೊಡಕಿದೆ. ಅಂಗಳದುದ್ದಕ್ಕೂ ಓಡುವ ತಾಮ್ರದ ಕೇಬಲ್ ಸಿಡಿಲಿಗೆ ಆಹ್ವಾನವಿದ್ದಂತೆ. ಗುಡುಗು ಕೇಳಿದೊಡನೆ ಅಪ್ಪಯ್ಯನವರು ರೆಕಾರ್ಡರಿನ ಪ್ಲಗ್ಗನ್ನೂ ಎರಡು ಕೇಬಲ್‌ಗಳನ್ನೂ ಕಿತ್ತಿಡುತ್ತಾರೆ, ಆ ರಾತ್ರಿಗಳ ಚಿತ್ರ ಇರುವುದಿಲ್ಲ. ಚಾಲಿ ಒಣಗುವ ದಿನಗಳಲ್ಲಿ ಗುಡುಗು ಅಪರೂಪವಾದ್ದರಿಂದ ನಮಗೆ ಇದು ನಡೆಯುತ್ತದೆ.

ಸಿಮ್ ಹಾಕುವ 4ಜಿ ಕ್ಯಾಮೆರಾವನ್ನು ನಾನು ಪರಿಗಣಿಸಲಿಲ್ಲ, ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಇನ್ನು ಯಾವುದನ್ನೇ ಕೊಂಡರೂ, 2025ರ ಏಪ್ರಿಲ್ 9ರಿಂದ ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಕಡ್ಡಾಯವಾಗಿರುವ ಭದ್ರತಾ ಪರೀಕ್ಷೆಯಲ್ಲಿ ಆ ಮಾದರಿ ಪಾಸಾಗಿದೆಯೇ ಎಂದು ವಿಚಾರಿಸಿ.

ಬಾಡಿಗೆ ಮನೆಯಲ್ಲಿರುವವರಿಗೆ, ಗೋಡೆ ಕೊರೆಯುವಂತಿಲ್ಲದವರಿಗೆ, ಮೂರು ಸಾವಿರದೊಳಗೆ ಮುಗಿಸಬೇಕಾದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಬೆಂಗಳೂರಿನ ನನ್ನ ಬಾಗಿಲಲ್ಲಿ ಈಗ ಇರುವುದೂ ಅದೇ. ಸ್ವಂತ ಮನೆ, ವಯಸ್ಸಾದ ತಂದೆ ತಾಯಿ, ಕೈಕೊಡುವ ಇಂಟರ್‌ನೆಟ್ ಇದ್ದರೆ ಮೂರನೆಯದು, ಖರ್ಚನ್ನು ಎರಡು ಕಂತಿನಲ್ಲಿ ಮಾಡಬೇಕಾಗಿ ಬಂದರೂ ಸರಿಯೇ. ಮೊದಲ ಬಗೆಯದನ್ನು ನಾನು ಯಾರಿಗೂ ಹೇಳಲಾರೆ. ಹನ್ನೆರಡನೆಯ ದಿನ ಖಾತೆ ಬಿಡುಗಡೆಯಾಗಿ ಆ ಕ್ಯಾಮೆರಾ ಮತ್ತೆ ನಡೆಯತೊಡಗಿತಾದರೂ, ಅದನ್ನು ಇಳಿಸಿ ಡಬ್ಬಿಗೆ ಹಾಕಿಟ್ಟಿದ್ದೇನೆ. ರೆಕಾರ್ಡರ್‌ನ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಮತ್ತು ಖಾತೆ ತೆರೆದ ಮೊಬೈಲ್ ಸಂಖ್ಯೆಯನ್ನು ಅಪ್ಪಯ್ಯನವರು ತಮ್ಮ ಕೈಬರಹದಲ್ಲಿ ಬರೆದು, ತೋಟದ ಲೆಕ್ಕದ ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ್ದಾರೆ.