ಮೈಸೂರಿನಲ್ಲಿ ಮಾರಾಟಕ್ಕಿರುವ ಈಜಿಪ್ಟಿನ ಉಬ್ಬುಶಿಲ್ಪ: ಕಲ್ಲು ಒಪ್ಪುತ್ತದೆ, ಕಾಗದ ಒಪ್ಪುವುದಿಲ್ಲ

ಮೈಸೂರಿನ ಹಳೆವಸ್ತು ವ್ಯಾಪಾರಿಯೊಬ್ಬರ ಬಳಿ ಈಜಿಪ್ಟಿನ ಗೋರಿಯದೆಂದು ಹೇಳುವ ಸುಣ್ಣದಕಲ್ಲಿನ ತುಂಡೊಂದು ಮಾರಾಟಕ್ಕಿದೆ. ಎತ್ತರ 34 ಸೆಂ.ಮೀ., ಅಗಲ 26, ದಪ್ಪ 5. ನೈವೇದ್ಯದ ತಟ್ಟೆ ಹಿಡಿದು ಬಲಕ್ಕೆ ಮುಖ ಮಾಡಿ ನಿಂತ ಗಂಡಸು, ಅವನ ತಲೆಯ ಮೇಲ್ಗಡೆ ಎರಡು ಸಾಲು ಚಿತ್ರಲಿಪಿ. ಇದು 18ನೇ ರಾಜವಂಶದ ಕಾಲದ್ದು, ಸುಮಾರು 3,400 ವರ್ಷ ಹಳೆಯದು ಎನ್ನುತ್ತದೆ ಚೀಟಿ. ಕೇಳುತ್ತಿರುವ ಬೆಲೆ ಏಳು ಲಕ್ಷ ರೂಪಾಯಿ.

ಸೋಮನಾಥಪುರ ನೋಡಿ ಪಳಗಿದ ಕಣ್ಣಿಗೆ ಇದು ಮೊದಲು ಸಪ್ಪೆಯೆನಿಸಬಹುದು. ಬಳಪದ ಕಲ್ಲಿನಲ್ಲಿ ಹೊಯ್ಸಳರು ಮೂರ್ತಿಯನ್ನು ಗೋಡೆಯಿಂದ ಹೆಚ್ಚುಕಡಿಮೆ ಬಿಡಿಸಿಯೇ ನಿಲ್ಲಿಸಿದ್ದಾರೆ. ಇಲ್ಲಿ ಕೆತ್ತನೆಯ ಆಳ ಮೂರ್ನಾಲ್ಕು ಮಿಲಿಮೀಟರ್ ಅಷ್ಟೆ. ಹೊರಗೆರೆಯನ್ನು ಒಳಕ್ಕೆ ಕೊರೆದು, ಆ ತಗ್ಗಿನೊಳಗೇ ಮೈಯನ್ನು ಉಬ್ಬಿಸುವ ಕ್ರಮ ಇದು. ಓರೆ ಬಿಸಿಲಿನಲ್ಲಿ ಅಂಚಿನ ನೆರಳೇ ಗೆರೆಯಾಗಿ ಎದ್ದು ಕಾಣುತ್ತದೆ. ಹಾಗಾಗಿ ಎದುರು ಬೆಳಕಿನ ಫೋಟೊ ನಂಬಬಾರದು, ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಬೇಕು.

ಅಳತೆ ಪಟ್ಟಿ ಇಟ್ಟರೆ ವಿಷಯ ಸ್ವಾರಸ್ಯವಾಗುತ್ತದೆ. ಆ ಕಾಲದ ಶಿಲ್ಪಿಗಳು ಮೊದಲು ಕೆಂಪು ಗೆರೆಗಳ ಚೌಕುಳಿ ಎಳೆದುಕೊಳ್ಳುತ್ತಿದ್ದರು. ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ಮೊಣಕಾಲು 6ಕ್ಕೆ, ಮೊಣಕೈ 12ಕ್ಕೆ, ಭುಜ 16ಕ್ಕೆ. ಈ ತುಂಡಿನಲ್ಲಿ ಒಟ್ಟು 27 ಸೆಂ.ಮೀ. ಇದೆ, ಅಂದರೆ ಚೌಕಕ್ಕೆ ಒಂದೂವರೆ. ಮೊಣಕಾಲು 9, ಭುಜ 24 ಸೆಂ.ಮೀ.ಗೆ ಬರಬೇಕು, ಬಂದಿದೆ. ಚೀಟಿ 26ನೇ ರಾಜವಂಶ ಎಂದಿದ್ದರೆ ಇದೇ ಅಳತೆ ದೋಷವಾಗುತ್ತಿತ್ತು, ಏಕೆಂದರೆ ಆಗ ಕಣ್ಣಿನ ಮಟ್ಟಕ್ಕೇ 21 ಚೌಕ. ನಕಲು ಮಾಡುವವರಿಗೂ ಈ ಲೆಕ್ಕ ಗೊತ್ತಿರುತ್ತದೆ, ಆದ್ದರಿಂದ ಇದೊಂದರಿಂದಲೇ ಅಸಲಿ ಎನ್ನಲಾಗದು.

ಅದಕ್ಕಿಂತ ಗಟ್ಟಿ ಸಾಕ್ಷಿ ಮುರಿದ ಅಂಚಿನಲ್ಲಿದೆ. ಮೊದಲೇ ಮುರಿದಿದ್ದ ಕಲ್ಲಿನ ಮೇಲೆ ಈಚೆಗೆ ಕೆತ್ತಿದರೆ ಉಳಿ ಅಂಚಿನ ಹತ್ತಿರ ಹೆದರುತ್ತದೆ: ಗೆರೆ ಅಲ್ಲೇ ನಿಲ್ಲುತ್ತದೆ, ಇಲ್ಲವೇ ತೆಳುವಾಗುತ್ತದೆ. ಇಲ್ಲಿ ಕೆಳಗಿನ ಬಿರುಕು ಪಾದದ ಗೆರೆಯನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿಕೊಂಡು ಹೋಗಿದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಉಳಿಯ ಗುರುತುಗಳು ಏರುಪೇರಾಗಿವೆ. ತಿರುಗುವ ಯಂತ್ರದ ಮೊನೆ ಬಿಡುವ ದುಂಡು ತಳದ ಸಮ ಗೀರುಗಳಿಲ್ಲ. ತೂಕ ಹತ್ತೂವರೆ ಕಿಲೋ, ಈ ಗಾತ್ರದ ಸುಣ್ಣದಕಲ್ಲಿಗೆ ಸರಿಯಾದದ್ದೇ. ಕಲ್ಲಿನ ಪುಡಿ ಬೆರೆಸಿದ ರಾಳದ ಅಚ್ಚು ಇಷ್ಟು ತೂಗುವುದಿಲ್ಲ.

ಕಂಠಹಾರದಲ್ಲಿ ಚೂರು ನೀಲಿ ಉಳಿದಿದೆ. ಈಜಿಪ್ಟಿನ ನೀಲಿ ತಾಮ್ರ ಸೇರಿಸಿ ಸುಟ್ಟು ಮಾಡಿದ ಬಣ್ಣ. ಕೆಂಪು ಎಲ್‌ಇಡಿ ಬೆಳಕು ಹಾಯಿಸಿ ಅವಕೆಂಪು ಕ್ಯಾಮೆರಾದಲ್ಲಿ ನೋಡಿದರೆ ಬೆಳ್ಳಗೆ ಹೊಳೆಯುತ್ತದೆ. ಈ ಪರೀಕ್ಷೆಯ ಚಿತ್ರ ವ್ಯಾಪಾರಿಯ ಬಳಿ ಇಲ್ಲ. ಏಳು ಲಕ್ಷ ಕೇಳುವವರು ಇಷ್ಟನ್ನಾದರೂ ಮಾಡಿಸಿರಬೇಕಿತ್ತು.

ಇನ್ನು ಬೆನ್ನು. ಹಿಂಬದಿಯಲ್ಲೂ ಎಡ ಅಂಚಿನಲ್ಲೂ ಗರಗಸದ ನೇರ ಗೀರುಗಳು, ಬಣ್ಣ ಇನ್ನೂ ಬಿಳಿ. ಗೋಡೆಯಿಂದ ಕೊಯ್ದು ತೆಗೆದದ್ದು ಎನ್ನಲು ಬೇರೆ ಪುರಾವೆ ಬೇಡ. ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ: ‘ಹೊತೆಪ್ ದಿ ನೆಸು’, ಅಂದರೆ ಅರಸನು ಕೊಡುವ ನೈವೇದ್ಯ, ಕೊನೆಗೆ ‘ಇಂಥವರ ಕಾ ಎಂಬ ಜೀವಶಕ್ತಿಗೆ’ ಎಂಬಲ್ಲಿಗೆ ಬರುತ್ತದೆ. ಅದರ ನಂತರ ಬರಬೇಕಾದ ಸತ್ತವನ ಹೆಸರು ಗರಗಸದ ಪಾಲಾಗಿದೆ. ಆ ಹೆಸರು ಉಳಿಯಲೆಂದೇ ಗೋಡೆ ತುಂಬ ಕೆತ್ತಿಸಿದ್ದು. ಇದಕ್ಕಿಂತ ದೊಡ್ಡ ಹಾನಿ ಈ ಕಲ್ಲಿಗೆ ಆಗಲಾರದು.

ಕೊಯ್ದದ್ದು ಯಾವಾಗ? ಈಜಿಪ್ಟ್ 1983ರ 117ನೇ ಕಾನೂನಿನಿಂದ ಪುರಾತನ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿತು. ವ್ಯಾಪಾರಿ ತೋರಿಸುವುದು ‘ಯುರೋಪಿನ ಖಾಸಗಿ ಸಂಗ್ರಹ, 1970ಕ್ಕೆ ಮುಂಚಿನದು’ ಎಂಬ ಒಂದೇ ಸಾಲು. ಹೆಸರಿಲ್ಲ, ರಸೀದಿಯಿಲ್ಲ, ಹಳೆಯ ಫೋಟೊ ಇಲ್ಲ. ಜೊತೆಗಿರುವ ‘ಕಳವು ಪಟ್ಟಿಯಲ್ಲಿಲ್ಲ’ ಎಂಬ ಪ್ರಮಾಣಪತ್ರಕ್ಕೆ ಬೆಲೆ ಕಡಿಮೆ. ಮಣ್ಣಿನಡಿಯಿಂದ ನೇರ ಕದ್ದದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಕೊಂಡ, ಪ್ರಾಚೀನ ಈಜಿಪ್ಟಿನ ಪುರೋಹಿತ ನೆಜೆಮಾಂಖ್‌ನ ಚಿನ್ನದ ಲೇಪದ ಶವಪೆಟ್ಟಿಗೆಗೆ 1971ರ ರಫ್ತು ಪರವಾನಗಿಯೇ ಇತ್ತು. ಅದು ಖೋಟಾ ಎಂದು ತಿಳಿದು 2019ರಲ್ಲಿ ಪೆಟ್ಟಿಗೆ ಈಜಿಪ್ಟಿಗೆ ಮರಳಿತು.

ನಮ್ಮ ಕಾನೂನಿನ ತೊಡಕೂ ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾವಸ್ತು. ಮಾರುವವರಿಗೆ ಪರವಾನಗಿ ಬೇಕು, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ‘ಬೇಡವಾದರೆ ವಿದೇಶದ ಗ್ಯಾಲರಿ ವಾಪಸ್ ತೆಗೆದುಕೊಳ್ಳುತ್ತದೆ’ ಎಂಬ ವ್ಯಾಪಾರಿಯ ಭರವಸೆ ಇಲ್ಲಿ ಅಡ್ಡಬೀಳುತ್ತದೆ: ವಸ್ತು ಅಸಲಿಯಾದಷ್ಟೂ ಹಿಂದಿರುಗಿಸುವುದು ಕಷ್ಟ.

ಇಟ್ಟುಕೊಳ್ಳುವುದೂ ಸುಲಭವಲ್ಲ. ಈಜಿಪ್ಟಿನ ಸುಣ್ಣದಕಲ್ಲಿನೊಳಗೆ ಉಪ್ಪು ಸಾಮಾನ್ಯ. ಮಳೆಗಾಲದಲ್ಲಿ ಗಾಳಿಯ ತೇವ ಶೇ. 75 ದಾಟಿದರೆ ಆ ಉಪ್ಪು ಕರಗುತ್ತದೆ, ಒಣಗಿದಾಗ ಮತ್ತೆ ಹರಳುಗಟ್ಟಿ ಮೇಲ್ಪದರವನ್ನು ಎಬ್ಬಿಸುತ್ತದೆ. ಈ ತುಂಡಿನ ಬಲಮೂಲೆಯಲ್ಲಿ ಬಿಳಿ ಹುಡಿ ಆಗಲೇ ಕಾಣುತ್ತಿದೆ. ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಗಾಜಿನ ಪೆಟ್ಟಿಗೆ ಬೇಕೇ ಬೇಕು. ಕರಿಕಲ್ಲಿನ ವಿಗ್ರಹಕ್ಕೆ ಸವರುವಂತೆ ಎಣ್ಣೆ ಸವರಬಾರದು. ಹುಣಸೆಹಣ್ಣಿನ ನೀರಂತೂ ಸೋಕಲೇಬಾರದು, ಹುಳಿ ಸುಣ್ಣವನ್ನು ತಿನ್ನುತ್ತದೆ.

ಕೆತ್ತನೆ ಉತ್ತಮ, ಬಹುತೇಕ ಅಸಲಿ, ಆದರೂ ಕೊಳ್ಳಬಾರದ ವಸ್ತು. 1983ಕ್ಕಿಂತ ಹಿಂದೆ ಈಜಿಪ್ಟಿನಿಂದ ಹೊರಬಂದದ್ದಕ್ಕೆ ಹರಾಜು ಕ್ಯಾಟಲಾಗಿನ ಪುಟವೋ ರಫ್ತು ಪತ್ರವೋ ಸಿಕ್ಕಿ, ಅದನ್ನು ಹೊರಡಿಸಿದವರಿಂದಲೇ ತಾಳೆ ನೋಡುವ ತನಕ ಮುಂಗಡ ಕೊಡಬೇಡಿ.