ಹಳೆಯ ವಸತಿ ಸಮುಚ್ಚಯಕ್ಕೆ ರೆಟ್ರೊಫಿಟ್: ಒಂದು ಚಳಿಗಾಲ ಕಳೆದ ಮೇಲಿನ ವಿಮರ್ಶೆ

ನಾವು ವಾಸವಾಗಿರುವ ಆರು ಅಂತಸ್ತಿನ ಕಟ್ಟಡಕ್ಕೆ ಐವತ್ತು ವರ್ಷ ದಾಟಿದೆ. ಗೋಡೆಗೆ ಉಷ್ಣನಿರೋಧಕ ಪದರ ಇರಲೇ ಇಲ್ಲ; ಕಿಟಕಿಗಳಿಗೆ ಒಂದೇ ಗಾಜು; ಬಾಲ್ಕನಿಯ ಸ್ಲ್ಯಾಬುಗಳು ಒಳಗಿನ ನೆಲದ ಮುಂದುವರಿಕೆಯಾಗಿ ಹೊರಕ್ಕೆ ಚಾಚಿಕೊಂಡಿದ್ದವು. ಇಂಥ ಕಟ್ಟಡಕ್ಕೆ ಡೀಪ್ ಎನರ್ಜಿ ರೆಟ್ರೊಫಿಟ್, ಅಂದರೆ ಇಂಧನದ ಬಳಕೆ ಬಹಳಷ್ಟು ತಗ್ಗುವಂಥ ಸಮಗ್ರ ನವೀಕರಣ, ಮಾಡಿಸಲು ನಿವಾಸಿಗಳ ಸಂಘವು ಒಂದು ಗುತ್ತಿಗೆ ಸಂಸ್ಥೆಯನ್ನು ಗೊತ್ತುಮಾಡಿತು. ಸಂಘದ ಪರವಾಗಿ ಕೆಲಸದುದ್ದಕ್ಕೂ ಜೊತೆಗೆ ನಿಂತು ನೋಡಿದವನು ನಾನು. ಕೆಲಸ ಮುಗಿದು ಒಂದು ಪೂರ್ತಿ ಚಳಿಗಾಲ ಕಳೆದಿರುವುದರಿಂದ, ಆ ಸೇವೆಯಲ್ಲಿ ಯಾವುದು ಚೆನ್ನಾಗಿತ್ತು, ಯಾವುದು ಕೈಕೊಟ್ಟಿತು ಎಂಬುದನ್ನು ಈಗ ಹೇಳಬಹುದು.

ಹತ್ತು ವರ್ಷಗಳ ಹಿಂದೆ ನಮ್ಮಲ್ಲಿ ಕೆಲವು ಮನೆಗಳವರು ಕಿಟಕಿಗಳನ್ನು ಮಾತ್ರ ಬದಲಾಯಿಸಿಕೊಂಡಿದ್ದರು. ಗಾಳಿ ಸೋರುವುದು ನಿಂತಿತು, ಆದರೆ ಅಡುಗೆ ಮತ್ತು ಸ್ನಾನದ ತೇವ ಹೊರಗೆ ಹೋಗುವ ದಾರಿಯೂ ಮುಚ್ಚಿತು. ತಣ್ಣಗಿದ್ದ ಗೋಡೆಯ ಮೂಲೆಗಳಲ್ಲಿ ಬೂಷ್ಟು ಹಿಡಿಯಿತು. ಗೋಡೆ, ಛಾವಣಿ, ಕಿಟಕಿ, ಗಾಳಿ ಸಂಚಾರ, ಬಿಸಿಮಾಡುವ ಯಂತ್ರ, ಇವೆಲ್ಲವನ್ನೂ ಒಂದೇ ಲೆಕ್ಕಾಚಾರದಡಿ ತರುವುದೇ ಡೀಪ್ ರೆಟ್ರೊಫಿಟ್. ಯಂತ್ರವನ್ನು ಕೊನೆಯಲ್ಲಿ ಆರಿಸಬೇಕು, ಏಕೆಂದರೆ ಕಟ್ಟಡದಿಂದ ಶಾಖ ಸೋರುವುದು ಕಡಿಮೆಯಾದ ಮೇಲೆ ಬೇಕಾಗುವ ಹೀಟ್ ಪಂಪ್ (ಹೊರಗಿನ ಶಾಖವನ್ನು ಎಳೆದು ಒಳತರುವ ಯಂತ್ರ) ಬಹಳ ಚಿಕ್ಕದು. ಸಂಸ್ಥೆಯವರು ಮೊದಲ ಸಭೆಯಲ್ಲೇ ಈ ಕ್ರಮವನ್ನು ವಿವರಿಸಿದ್ದು, ಯಾವ ಯಂತ್ರದ ಹೆಸರನ್ನೂ ಎತ್ತದೇ ಇದ್ದದ್ದು ನಮಗೆ ವಿಶ್ವಾಸ ತಂದಿತು.

ಸಮೀಕ್ಷೆಗೆ ಬಂದ ದಿನ ಅವರು ನಮ್ಮ ಮನೆಯ ಮುಂಬಾಗಿಲಿನ ಚೌಕಟ್ಟಿಗೆ ಬಟ್ಟೆಯ ಪರದೆ ಬಿಗಿದು, ಅದರ ನಡುವೆ ಫ್ಯಾನ್ ಕೂರಿಸಿದರು. ಇದಕ್ಕೆ ಬ್ಲೋಯರ್ ಡೋರ್ ಎನ್ನುತ್ತಾರೆ. ಫ್ಯಾನ್ ಒಳಗಿನ ಗಾಳಿಯನ್ನು ಹೊರಕ್ಕೆಳೆದು, ಒಳಗೂ ಹೊರಗೂ 50 ಪ್ಯಾಸ್ಕಲ್‌ಗಳ ಒತ್ತಡ ವ್ಯತ್ಯಾಸ ಬರುವಂತೆ ಮಾಡುತ್ತದೆ. ಆಗ ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಗಾಳಿ ಒಳನುಗ್ಗುತ್ತದೆ. ತಂತ್ರಜ್ಞೆಯೊಬ್ಬರು ಹೊಗೆಕಡ್ಡಿ ಹಿಡಿದು ಕೋಣೆ ಕೋಣೆ ಸುತ್ತಿದರು. ನಾನು ವರ್ಷಗಳಿಂದ ದೂರುತ್ತಿದ್ದ ಮಲಗುವ ಕೋಣೆಯ ಕಿಟಕಿಯ ಹತ್ತಿರ ಹೊಗೆ ಸ್ವಲ್ಪವಷ್ಟೇ ಅಲುಗಿತು. ಆದರೆ ಬಚ್ಚಲುಮನೆಯಲ್ಲಿ ಕೊಳವೆಗಳು ಗೋಡೆಯೊಳಗೆ ಹೋಗುವ ಕಡೆ ಹಿಡಿದಾಗ ಅದು ನನ್ನ ಮುಖದ ಕಡೆಗೇ ಚಿಮ್ಮಿತು. ಆ ಕೊಳವೆಗಳ ಸುರಂಗ ಕೆಳಗಿನಿಂದ ಮೇಲಿನವರೆಗೆ ತೆರೆದೇ ಇತ್ತು. ಚಳಿಗಾಲದಲ್ಲಿ ಬಿಸಿಗಾಳಿ ಅದರೊಳಗೆ ಮೇಲೇರಿ, ಕೆಳಗಿನ ಮನೆಗಳು ತಣ್ಣನೆಯ ಗಾಳಿಯನ್ನು ಒಳಗೆಳೆದುಕೊಳ್ಳುತ್ತಿದ್ದವು. ಮೇಲಿನ ಮನೆಯವರಿಗೆ ಎಲ್ಲರ ಅಡುಗೆಯ ವಾಸನೆ ಏಕೆ ಬರುತ್ತಿತ್ತೆಂಬುದು ಅಂದು ತಿಳಿಯಿತು. ಥರ್ಮಲ್ ಕ್ಯಾಮೆರಾದ ಚಿತ್ರಗಳನ್ನು ಅವರು ಸೂರ್ಯೋದಯಕ್ಕೆ ಮೊದಲೇ ಬಂದು ತೆಗೆದರು. ಬಿಸಿಲು ಬಿದ್ದ ಗೋಡೆಯೂ, ಹೊಳೆಯುವ ಲೋಹವೂ ಆ ಕ್ಯಾಮೆರಾವನ್ನು ದಾರಿ ತಪ್ಪಿಸುತ್ತವೆ. ಕ್ಯಾಮೆರಾ ಕೊಳ್ಳುವುದು ಯಾರಿಗೂ ಸಾಧ್ಯ, ಚಿತ್ರವನ್ನು ಓದುವುದಕ್ಕೆ ತರಬೇತಿ ಬೇಕು.

ಗುರಿಯನ್ನು ಒಪ್ಪಂದದಲ್ಲೇ ಬರೆಸಿದೆವು. ಬಹಳ ಕಡಿಮೆ ಇಂಧನದಲ್ಲೇ ಬೆಚ್ಚಗಿರುವ ‘ಪ್ಯಾಸಿವ್ ಹೌಸ್’ ಕಟ್ಟಡಗಳಿಗೆ ಮಾನದಂಡ ರೂಪಿಸುವ ಜರ್ಮನಿಯ ಪ್ಯಾಸಿವ್ ಹೌಸ್ ಸಂಸ್ಥೆಯು ಹಳೆಯ ಕಟ್ಟಡಗಳ ನವೀಕರಣಕ್ಕೆಂದು ರೂಪಿಸಿರುವ ಎನರ್‌ಫಿಟ್ ಮಾನದಂಡದ ಪ್ರಕಾರ, 50 ಪ್ಯಾಸ್ಕಲ್‌ಗಳ ಒತ್ತಡದಲ್ಲಿ ಕಟ್ಟಡದ ಗಾಳಿ ಗಂಟೆಗೆ 1.0ಕ್ಕಿಂತ ಹೆಚ್ಚು ಬಾರಿ ಬದಲಾಗಕೂಡದು. ಹೊಸ ಪ್ಯಾಸಿವ್ ಹೌಸ್ ಕಟ್ಟಡಗಳಿಗೆ ಆ ಮಿತಿ 0.6. ಇದು ದುಬಾರಿ ಸಾಮಗ್ರಿ ತಂದು ಜೋಡಿಸಿದ ಮಾತ್ರಕ್ಕೆ ಬರುವ ಅಂಕಿಯಲ್ಲ. ಸಾಮಗ್ರಿಗಳು ಒಂದನ್ನೊಂದು ಸೇರುವ ಕಡೆ ಕೆಲಸ ಮಾಡಿದ ಕೈ ಎಂಥದ್ದು ಎಂಬುದರ ಮೇಲೆ ಅದು ನಿಂತಿದೆ.

ಆ ಕೈಯನ್ನು ನಾನು ನಾಲ್ಕನೇ ಅಂತಸ್ತಿನ ಸಾರುವೆಯ ಮೇಲೆ ನಿಂತು ನೋಡಿದೆ. ಮೂರು ಪದರದ ಗಾಜಿನ ಹೊಸ ಕಿಟಕಿಯನ್ನು ಕೂರಿಸಿದ ಮೇಲೆ, ಚೌಕಟ್ಟಿಗೂ ಕಾಂಕ್ರೀಟಿಗೂ ನಡುವಿನ ಸಂದಿಯನ್ನು ಗಾಳಿ ತಡೆಯುವ ಟೇಪಿನಿಂದ ಮುಚ್ಚಬೇಕು. ಕಲಿಯಲು ಬಂದಿದ್ದ ಹುಡುಗ ಒಂದು ಕಿಟಕಿಯ ನಾಲ್ಕೂ ಬದಿಗೆ ಟೇಪು ಹಚ್ಚಿ ಮುಗಿಸಿದ್ದ. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಹಿರಿಯ ಕೆಲಸಗಾರರು ಮೂಲೆಯಲ್ಲಿ ಉಗುರು ತೂರಿಸಿದರು. ಟೇಪು ಧೂಳಿನ ಸಮೇತ ಎದ್ದು ಬಂತು. ಅವರು ಅಷ್ಟನ್ನೂ ಕಿತ್ತು, ಕಾಂಕ್ರೀಟನ್ನು ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಬಳಿದು, ಅದು ಒಣಗುವವರೆಗೆ ಕಾದರು. ಮೂಲೆಯಲ್ಲಿ ಟೇಪನ್ನು ಎಳೆದು ಬಿಗಿ ಮಾಡದೆ ಚಿಕ್ಕದೊಂದು ಮಡಿಕೆ ಬಿಟ್ಟು, ಉರುಳೆಯಿಂದ ಒತ್ತುತ್ತಾ ಹೋದರು. "ಒತ್ತಬೇಕು ತಮ್ಮಾ, ಸವರಿದರೆ ಸಾಲದು. ಇದು ಒತ್ತಿದರೆ ಮಾತ್ರ ಹಿಡಿಯೋದು" ಎಂದು ಹುಡುಗನಿಗೆ ಹೇಳಿದರು. ಮರದ ಚೌಕಟ್ಟು ಹಿಗ್ಗಿ ಕುಗ್ಗುವಾಗ ಬಿಗಿಯಾಗಿ ಎಳೆದ ಟೇಪು ಮೂಲೆಯಲ್ಲೇ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಗಿಲಾವು ಬಂದ ನಂತರ ಆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದಲೇ, ಟೇಪುಗಳು ಮುಚ್ಚಿಹೋಗುವ ಮೊದಲು ಮಧ್ಯಂತರ ಬ್ಲೋಯರ್ ಡೋರ್ ಪರೀಕ್ಷೆ ನಡೆಸಿದ್ದನ್ನು ಈ ಸೇವೆಯ ಅತ್ಯುತ್ತಮ ಅಂಶವೆಂದು ನಾನು ಎಣಿಸುತ್ತೇನೆ. ಅಂದು ಛಾವಣಿಯ ಕಟ್ಟೆಯ ಬುಡದಲ್ಲಿ ಸೋರಿಕೆ ಸಿಕ್ಕಿತು, ಎರಡು ದಿನಗಳಲ್ಲಿ ಸರಿಹೋಯಿತು.

ಹೊರಗೋಡೆಗೆ ಯಾವ ಪದರ ಹೊದಿಸಬೇಕೆಂಬ ಚರ್ಚೆ ಸಂಘದಲ್ಲಿ ಬಿಸಿಯಾಗಿಯೇ ನಡೆಯಿತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನರನ್ನು ಬಲಿತೆಗೆದುಕೊಂಡ ಬೆಂಕಿಯು, ನವೀಕರಣದ ವೇಳೆ ಅಳವಡಿಸಿದ್ದ ಪಾಲಿಎಥಿಲೀನ್ ಎಂಬ ಉರಿಯುವ ಪ್ಲಾಸ್ಟಿಕ್ಕಿನ ತಿರುಳಿದ್ದ ಹೊರಹೊದಿಕೆಯಿಂದಾಗಿಯೇ ಅಷ್ಟು ಬೇಗ ಮೇಲೇರಿತ್ತು. ಕಲ್ಲು ಕರಗಿಸಿ ಎಳೆದ ಎಳೆಗಳಿಂದ ಮಾಡಿದ, ಬೆಂಕಿ ಹಿಡಿಯದ ಮಿನರಲ್ ವೂಲ್ ಹಲಗೆಗಳೇ ಬೇಕೆಂದು ನಾವು ಪಟ್ಟುಹಿಡಿದೆವು, ಸಂಸ್ಥೆ ತಕರಾರಿಲ್ಲದೆ ಒಪ್ಪಿತು. ಹಲಗೆಯ ಹಿಂಬದಿಗೆ ಅಂಟುಗಾರೆಯನ್ನು ನಾಲ್ಕು ಕಡೆ ಉಂಡೆ ಇಟ್ಟು ಒತ್ತಿಬಿಡುವವರಿದ್ದಾರೆ. ಇವರು ಅಂಚಿನುದ್ದಕ್ಕೂ ಪಟ್ಟಿಯಂತೆ ಬಳಿಯುತ್ತಿದ್ದರು. ಇಲ್ಲದಿದ್ದರೆ ಹಲಗೆಯ ಹಿಂದೆ ಗಾಳಿ ಓಡಾಡಿ, ಹೊದಿಸಿದ ಪದರದ ಪ್ರಯೋಜನವೇ ಕುಗ್ಗುತ್ತದೆ.

ಬಾಲ್ಕನಿಯ ವಿಷಯದಲ್ಲಿ ನನಗೆ ಪೂರ್ಣ ಸಮಾಧಾನವಿಲ್ಲ. ಕಾಂಕ್ರೀಟು ಮಿನರಲ್ ವೂಲ್‌ಗಿಂತ ನಲವತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಸ್ಲ್ಯಾಬಿನ ಮೇಲೆ ಕೆಳಗೆ ತೆಳುವಾದ ಹಲಗೆ ಸುತ್ತಿದ್ದರಿಂದ ಸೋರಿಕೆ ತಗ್ಗಿದೆಯೇ ಹೊರತು ನಿಂತಿಲ್ಲ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ವಾಸ್ತುಶಿಲ್ಪಿಗಳಾದ ಲಕಾಟನ್ ಮತ್ತು ವಸ್ಸಾಲ್ ತಮ್ಮ ಸಹವಾಸ್ತುಶಿಲ್ಪಿಗಳೊಂದಿಗೆ 530 ಹಳೆಯ ಮನೆಗಳ ಮುಂದೆ ಗಾಜಿನ ಚಳಿಗಾಲದ ಅಂಗಳಗಳನ್ನು ಜೋಡಿಸಿದಾಗ, ನಿವಾಸಿಗಳು ಮನೆ ಬಿಟ್ಟು ಹೋಗಬೇಕಾಗಿರಲಿಲ್ಲ. 2019ರಲ್ಲಿ ಯುರೋಪಿನ ಮೀಸ್ ವಾನ್ ಡೆರ್ ರೋ ವಾಸ್ತುಶಿಲ್ಪ ಪ್ರಶಸ್ತಿ ಆ ಕೆಲಸಕ್ಕೆ ಬಂತು. ಅಂಥದೊಂದು ಆಯ್ಕೆಯನ್ನು ನಮ್ಮ ಸಂಸ್ಥೆ ಕನಿಷ್ಠ ಲೆಕ್ಕ ಹಾಕಿ ತೋರಿಸಬಹುದಿತ್ತು. ನಾವೂ ಮನೆ ಬಿಡಲಿಲ್ಲ ಎಂಬುದು ನಿಜ. ಯಾವ ದಿನ ಯಾರ ಮನೆಯ ಕಿಟಕಿ ತೆಗೆಯುತ್ತಾರೆಂಬ ಸೂಚನೆ ವಾರದ ಮೊದಲೇ ಬರುತ್ತಿತ್ತು, ಹೇಳಿದ ದಿನವೇ ಕೆಲಸ ಮುಗಿಯುತ್ತಿತ್ತು.

ದೊಡ್ಡ ಲೋಪವಾದದ್ದು ಗಾಳಿ ಸಂಚಾರದ ವ್ಯವಸ್ಥೆಯಲ್ಲಿ. ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರವನ್ನು ಪ್ರತಿ ಮನೆಗೂ ಕೂರಿಸಿದ್ದರು, ಯಂತ್ರಗಳೂ ಒಳ್ಳೆಯವೇ. ಆದರೆ ಈ ಭಾಗವನ್ನು ಸಂಸ್ಥೆ ಒಳಗುತ್ತಿಗೆಗೆ ಕೊಟ್ಟಿತ್ತು. ಬಂದವರು ಕೆಳಗಿನ ಎರಡು ಅಂತಸ್ತುಗಳಲ್ಲಿ ಪ್ರತಿ ಕೋಣೆಯ ಗಾಳಿಯ ಪ್ರಮಾಣವನ್ನು ಅಳೆಯದೆ, ಜಾಲರಿಗೆ ಕೈಯೊಡ್ಡಿ ನೋಡಿ ಸಹಿ ಹಾಕಿ ಹೋಗಿದ್ದರು. ಮೊದಲ ಅಂತಸ್ತಿನ ಹಿರಿಯ ದಂಪತಿಗಳ ಮಲಗುವ ಕೋಣೆಯ ಗಾಜಿನ ಮೇಲೆ ಬೆಳಿಗ್ಗೆ ನೀರಿಳಿಯತೊಡಗಿತು. ಕಿಟಕಿ ತೆರೆದಿಡಿ ಎಂಬುದು ಸಂಸ್ಥೆಯ ಮೊದಲ ಉತ್ತರ. ಎರಡು ಪತ್ರಗಳ ನಂತರ ಅಳತೆಯ ಸಾಧನದೊಂದಿಗೆ ತರಬೇತಿ ಪಡೆದವರು ಬಂದರು; ವಿನ್ಯಾಸದಲ್ಲಿ ಬರೆದಿದ್ದರ ಅರ್ಧದಷ್ಟೂ ಗಾಳಿ ಆ ಕೋಣೆಗೆ ಬರುತ್ತಿರಲಿಲ್ಲ. ಕೊಳವೆಯೊಳಗೆ ಪ್ಯಾಕಿಂಗಿನ ಪ್ಲಾಸ್ಟಿಕ್ ಹಾಳೆಯೊಂದು ಹಾಗೆಯೇ ಉಳಿದಿತ್ತು. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಉಸಿರಾಟವೆಲ್ಲ ಆ ಕೊಳವೆಯನ್ನೇ ನಂಬಿರುತ್ತದೆ. ವಯಸ್ಸಾದವರು ಆರು ವಾರ ಆ ಕೋಣೆಯಲ್ಲಿ ಮಲಗಿದರೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕೊನೆಯ ಪರೀಕ್ಷೆಯಲ್ಲಿ ಕಟ್ಟಡವು ಒಪ್ಪಂದದ ಮಿತಿಯೊಳಗೆ ಬಂತು. ಬಿಸಿಮಾಡಲು ಬೇಕಾದ ಇಂಧನವು ಮೀಟರಿನ ಲೆಕ್ಕದಲ್ಲಿ ಹಿಂದಿನ ಅರ್ಧಕ್ಕಿಂತ ಎಷ್ಟೋ ಕೆಳಗಿದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಈಗ ಶಾಲು ಹೊದೆಯದೆ ಕೂತು ಓದಬಹುದು. ಇಂಥ ಸೇವೆ ಪಡೆಯಲಿರುವವರು ಗಾಳಿ ಸಂಚಾರದ ಹೊಂದಾಣಿಕೆಯನ್ನು ಪ್ರತ್ಯೇಕ ಕೆಲಸವೆಂದೇ ಒಪ್ಪಂದದಲ್ಲಿ ಬರೆಸಿ, ಕೋಣೆವಾರು ಅಳತೆಯ ಪಟ್ಟಿ ಕೈಗೆ ಬರುವವರೆಗೆ ಕೊನೆಯ ಕಂತನ್ನು ತಡೆಹಿಡಿಯಬೇಕು. ನೆಲಮಾಳಿಗೆಯ ಛಾವಣಿಯಲ್ಲಿ ಕೊಳವೆಗಳ ಸುತ್ತ ನಿರೋಧಕ ಪದರ ಹಾಕುವುದು ನಮ್ಮಲ್ಲಿ ಇನ್ನೂ ಬಾಕಿಯಿದೆ. ಅದನ್ನೂ ಇದೇ ಸಂಸ್ಥೆಗೆ ಕೊಟ್ಟಿದ್ದೇವೆ. ನಾಲ್ಕನೇ ಅಂತಸ್ತಿನ ಟೇಪು ಕಿತ್ತ ಆ ಹಿರಿಯರನ್ನೇ, ಜೊತೆಗೆ ಆ ಹುಡುಗನನ್ನೂ, ಕಳುಹಿಸಬೇಕೆಂದು ಪತ್ರದಲ್ಲಿ ಕೇಳಿದ್ದೇವೆ.