ತಿಂಡಿಯೋ ಆಟಿಕೆಯೋ: ಅಜಿಲಿಟಿ ನಾಯಿಗೆ ಯಾವ ಬಹುಮಾನ?
1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ನಾಯಿ ಅಡೆತಡೆಗಳನ್ನು ದಾಟುತ್ತ ಓಡುವ ಅಜಿಲಿಟಿ ಕ್ರೀಡೆಗೆ ನಾಯಿಯನ್ನು ಪಳಗಿಸುವವರು ಬಹುಮಾನವಾಗಿ ತಿಂಡಿಯನ್ನೋ ಎಳೆದಾಡುವ ಆಟಿಕೆಯನ್ನೋ ಆರಿಸಿಕೊಳ್ಳುತ್ತಾರೆ. ನಾಯಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಎ-ಫ್ರೇಮ್ ಎಂಬ ಅಡೆತಡೆಯ ಇಳಿಜಾರಿನ ಬುಡದಲ್ಲಿ ಬೇರೆ ಬಣ್ಣ ಬಳಿದ ಭಾಗವನ್ನು ನಾಯಿ ಮೆಟ್ಟಿಯೇ ಇಳಿಯಬೇಕಾದ್ದರಿಂದ, ಅದರ ಮುಂದೆ ನೆಲದ ಮೇಲಿಟ್ಟ ಬೇಯಿಸಿದ ಕೋಳಿಮಾಂಸದ ಸಣ್ಣ ಚೂರು ಅದರ ತಲೆ ತಗ್ಗುವಂತೆ ಮಾಡಿ, ಜಿಗಿಯುವ ಆತುರವನ್ನು ತಡೆಯುತ್ತದೆ. ಅಲ್ಲಿಯೇ ಆಟಿಕೆ ತೋರಿಸಿದರೆ ಬಾರ್ಡರ್ ಕೋಲಿಯಂಥ ಚುರುಕು ನಾಯಿ ಬಣ್ಣದ ಭಾಗವನ್ನು ಹಾರಿಬಿಡುವ ಸಂಭವ ಹೆಚ್ಚು. ಸುರಂಗ ಮತ್ತು ಜಿಗಿತಗಳಲ್ಲಿ ಮಾತ್ರ ಆಟಿಕೆಯದೇ ಮೇಲುಗೈ, ಏಕೆಂದರೆ ಮುಂದಕ್ಕೆ ಎಸೆದ ಆಟಿಕೆ ನಾಯಿಯ ನೋಟವನ್ನು ತರಬೇತುದಾರರ ಕೈಯಿಂದ ಬಿಡಿಸಿ ಓಟದ ದಿಕ್ಕಿಗೆ ತಿರುಗಿಸುತ್ತದೆ. ಆಟಿಕೆಯತ್ತ ಕಣ್ಣೆತ್ತಿಯೂ ನೋಡದ ಬೀಗಲ್ ಆದರೆ ತಿಂಡಿ ತುಂಬಿದ ಚೀಲವನ್ನೇ ಎಸೆಯುವುದು ಲೇಸು. ಒಂದನ್ನೇ ಆರಿಸಬೇಕೆಂದರೆ, ಹೊಸಬರಿಗೆ ನಾನು ಹೇಳುವುದು ತಿಂಡಿಯನ್ನೇ. ಆದರೆ ಅಷ್ಟನ್ನು ದಿನದ ಊಟದಿಂದ ಕಳೆಯಬೇಕು, ಏಕೆಂದರೆ ಮೈ ಬಂದ ನಾಯಿಯ ಕೀಲುಗಳಿಗೆ ಪ್ರತಿ ಜಿಗಿತವೂ ಹೊರೆಯಾಗುತ್ತದೆ.